ಬೀಜಕ್ಕೆ ಬಿಟ್ಟ ಕಾಯಿ

ಮೆಟ್ಟುಕತ್ತಿಯ ಅಲಗಿಗೆ ಸೌತೆಕಾಯಿಯನ್ನು ಒತ್ತಬೇಕು ಅನ್ನುವಾಗ ಸುಗಂಧಿಗೆ ತೊಟ್ಟಿನ ಬಳಿ ಬಿಳಿಯ ಹೆಬ್ಬೆರಳ ಗುರುತು ಕಂಡಿತು. ಸುಣ್ಣ. ಬೀಜಕ್ಕೆ ಬಿಡುವ ಕಾಯಿಗೆ ಹಾಗೆ ಗುರುತು ಹಾಕುತ್ತಿದ್ದವರು ಅತ್ತೆ ಒಬ್ಬರೇ. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಎಲೆಯಡಿಕೆಯ ಸುಣ್ಣದ ಡಬ್ಬಿಯೂ ಅವರೊಂದಿಗೆ ಚಿತೆಗೆ ಹೋಗಿತ್ತು.

ಈ ಸಲ ಗದ್ದೆಯಲ್ಲಿ ಸೌತೆ ವಿಪರೀತ ಬೆಳೆದಿತ್ತು. ನೆರೆಮನೆಗಳಿಗೆ ಹಂಚಿ, ಗುರುವಾಯನಕೆರೆಯ ಅಂಗಡಿಗೆ ಕೊಟ್ಟು, ಉಳಿದದ್ದನ್ನು ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಛಾವಣಿಯ ಪಕ್ಕಾಸಿಗೆ ತೂಗಹಾಕಿದ್ದರು. ದಿನವೂ ಸೌತೆಯ ಹುಳಿ, ಸೌತೆಯ ಪಲ್ಯ, ಸೌತೆಯ ದೋಸೆ. ಹೋದ ವರ್ಷವೂ ಕಾಯಿಗೆ ಬರವಿರಲಿಲ್ಲ. ಆದರೂ ಅತ್ತೆಯ ಮೇಲಿನ ಸಿಟ್ಟಿಗೆ ಸುಗಂಧಿ ಸುಣ್ಣದ ಗುರುತಿನ ಕಾಯಿಯನ್ನೇ ಹುಡುಕಿ ಕೊಯ್ದಿದ್ದಳು. ಅತ್ತೆ ಬೈಯಲಿಲ್ಲ. ಸಿಪ್ಪೆಯ ಬುಟ್ಟಿಯಿಂದ ಬೀಜಗಳನ್ನು ಒಂದೊಂದಾಗಿ ಹೆಕ್ಕಿ, ಬೂದಿಯಲ್ಲಿ ಹೊರಳಿಸಿ ಗೋಡೆಗೆ ಅಂಟಿಸಿದ್ದರು. ಈ ವರ್ಷದ ಬಳ್ಳಿಗಳೆಲ್ಲ ಆ ಬೀಜದವೇ.

"ಇಲ್ಲಿ ನೋಡಿ, ಇದಕ್ಕೆ ಸುಣ್ಣ ಹಚ್ಚಿದ್ದು ಯಾರು?"

ಜಗಲಿಯಿಂದ ಎದ್ದು ಬಂದ ಗಂಡ ವಸಂತ ಕಾಯಿಯನ್ನು ನೋಡಿ ನಕ್ಕ. "ಯಾರು ಅಂದ್ರೆ? ನೀನೇ ಅಲ್ವಾ ಮಾರಾಯ್ತಿ! ಬೆಳಿಗ್ಗೆ ಸ್ಟೂಲ್ ಹತ್ತಿ ಒಂದೊಂದೇ ಕಾಯಿಯನ್ನು ತಟ್ಟಿ ನೋಡ್ತಾ ಇದ್ದಿ. ಎರಡು ಸಲ ಕರೆದೆ, ತಿರುಗಲೂ ಇಲ್ಲ."

ಬೆಳಿಗ್ಗೆ ತಾನು ಸ್ಟೂಲ್ ಮುಟ್ಟಿದ ನೆನಪೇ ಅವಳಿಗಿರಲಿಲ್ಲ. ಕಾಯಿಯನ್ನು ಮೆಲ್ಲನೆ ಕೆಳಗಿಟ್ಟು ಬಲಗೈ ತಿರುಗಿಸಿ ನೋಡಿದಳು. ಹೆಬ್ಬೆರಳ ಉಗುರಿನ ಸಂದಿಯಲ್ಲಿ ಸುಣ್ಣ ಒಣಗಿತ್ತು.