ಸಪ್ಪೆ ಗಂಜಿಯ ಕೇಸು

ಸಬ್‌ಇನ್‌ಸ್ಪೆಕ್ಟರ್ ಹೇರತ್ ಕರಟದಲ್ಲಿದ್ದ ಗಂಜಿಯನ್ನು ಮೊದಲು ಮೂಸಿದ, ಆಮೇಲೆ ಓರೆ ಮಾಡಿ ನೋಡಿದ, ಕೊನೆಗೆ ಅನ್ನದ ಅಗುಳನ್ನೇ ವಿಚಾರಣೆ ಮಾಡುವವನಂತೆ ಕೇಳಿದ: "ಅಮ್ಮಾ, ಈ ಗಂಜಿ ಯಾವನು? ಊಟದವನಾ, ನೆನಪಿನವನಾ?"

ಹೇರತ್ ಸಿಂಹಳ ಭಾಷೆಯವನು. ಪೊಲೀಸ್ ತರಬೇತಿಯಲ್ಲಿ ಅವನು ಕಲಿತ ತಮಿಳಿನಲ್ಲಿ ಬರೀ ಗಂಡಸರೇ ಇದ್ದರು. ಬಸ್ಸು, ನಾಯಿ, ಗಂಜಿ ಎಲ್ಲ 'ಅವನು'. ಶ್ರೀಲಂಕಾದ ಉತ್ತರದಲ್ಲಿ, ತಮಿಳರ ಮುಲ್ಲೈತ್ತೀವಿನ ಆ ರಸ್ತೆ ಬದಿಯ ಬೇವಿನ ಮರದಡಿ ತವಮಣಿ ಪ್ರತಿ ಮೇ ಹದಿನೆಂಟಕ್ಕೆ ಕಲ್ಲು ಹೂಡಿ ಗಂಜಿ ಕಾಯಿಸುತ್ತಾಳೆ. 2009ರಲ್ಲಿ, ಸೈನ್ಯಕ್ಕೂ ತಮಿಳು ಹುಲಿಗಳಿಗೂ ನಡೆದ ಯುದ್ಧದ ಕೊನೆಯ ವಾರ, ಕಡಲ ದಂಡೆಯ ಗುಂಡಿಗಳಲ್ಲಿ ಜೀವ ಹಿಡಿದು ಕೂತಿದ್ದವರ ಹೊಟ್ಟೆಗೆ ಸಿಕ್ಕಿದ್ದು ಅದೊಂದೇ. ಈ ವರ್ಷ ಮೇಲಿನಿಂದ ಆರ್ಡರ್ ಬಂದಿತ್ತು: ಹಸಿದವರಿಗೆ ಗಂಜಿ ಹಂಚಬಹುದು, ಸತ್ತವರ ನೆನಪಿಗೆ ಹಂಚಕೂಡದು. ಎರಡು ಗಂಜಿಯನ್ನೂ ಗುರುತಿಸುವುದು ಹೇಗೆ ಅಂತ ಆರ್ಡರಿನಲ್ಲಿ ಇರಲಿಲ್ಲ. ಅದನ್ನು ಹೇರತ್‌ನ ನಾಲಿಗೆಗೆ ಬಿಟ್ಟಿದ್ದರು.

"ಗಂಜಿ ಗಂಜೀನೇ ತಂಬಿ. ಕುಡಿದು ನೋಡಿ," ಅಂದಳು ತವಮಣಿ.

ಅವನು ಒಂದು ಗುಟುಕು ಕುಡಿದು ಮುಖ ಹಿಂಡಿದ. "ಉಪ್ಪು ಇಲ್ಲವನು!"

"ಹೂಂ, ಇಲ್ಲ."

"ಸಿಕ್ಕಿಬಿದ್ದ! ಊಟದವನಿಗೆ ಉಪ್ಪು ಇರುತ್ತಾನೆ. ಉಪ್ಪು ಇಲ್ಲವನು ನೆನಪಿನವನು."

ಬೇವಿನ ಕವಲಿಗೆ ಸಿಕ್ಕಿಸಿದ್ದ ಫೋನು ಕಿರುಚಿತು. "ಚಿಕ್ಕಮ್ಮಾ, ಸ್ವಲ್ಪ ಈ ಕಡೆ ತಿರುಗಿ, ನಿಮ್ಮ ಬೆನ್ನು ಮಾತ್ರ ಕಾಣಿಸ್ತಿದೆ! ಈಗ ಪಾತ್ರೆ ಒದೀತಾನೆ, ನೋಡ್ತಿರಿ. ಒದೀಲಿ, ಅಡ್ಡ ಬರ್ಬೇಡಿ!" ಕೂಗಿದವನು ಲಂಡನ್ನಿನಲ್ಲಿರುವ, ತವಮಣಿಯ ಅಕ್ಕನ ಮಗ ಕುಗನೇಶನ್. ಅಲ್ಲಿನ ಸಭಾಂಗಣವೊಂದರಲ್ಲಿ ಊರು ಬಿಟ್ಟವರೆಲ್ಲ ಕಪ್ಪು ಅಂಗಿ ತೊಟ್ಟು, ದೊಡ್ಡ ಪರದೆಯ ಮೇಲೆ ಈ ಮರವನ್ನೂ ಈ ಪಾತ್ರೆಯನ್ನೂ ನೋಡುತ್ತ ಕೂತಿದ್ದರು. ಜಿನೀವಾದ ಮಾನವ ಹಕ್ಕಿನ ಸಭೆಗೆ ತೋರಿಸಲು ಅವನಿಗೆ ಒದೆ ತಿಂದ ಪಾತ್ರೆಯೊಂದು ತುರ್ತಾಗಿ ಬೇಕಿತ್ತು. ಅವನಪ್ಪನೂ ಆ ದಂಡೆಯಲ್ಲೇ ಉಳಿದುಹೋದವನು. ಕೂಗಲು ಅವನಿಗೂ ಕಾರಣವಿತ್ತು.

ಹೇರತ್‌ನ ಜೊತೆಗೆ ಬಂದ ಕಾನ್‌ಸ್ಟೇಬಲ್, ಗಂಜಿಗೆ ಸಾಲಿನಲ್ಲಿ ನಿಂತವರ ಮುಖಗಳನ್ನು ಒಂದೊಂದಾಗಿ ತನ್ನ ಫೋನಿನಲ್ಲಿ ಹಿಡಿಯುತ್ತಿದ್ದ. ಕೊನೆಗೆ ಮರದಲ್ಲಿದ್ದ ಕುಗನೇಶನ್‌ನನ್ನೂ ಹಿಡಿದ. ಎರಡು ಫೋನುಗಳೂ ಸ್ವಲ್ಪ ಹೊತ್ತು ಒಂದನ್ನೊಂದು ದುರುಗುಟ್ಟಿಕೊಂಡು ನೋಡಿದವು.

"ಏಯ್ ಕುಗಾ, ಬಾಯಿ ಮುಚ್ಚೋ. ನಿನ್ನ ಮೋರೇನೂ ಹಿಡ್ಕೊಂಡ್ರು. ಇನ್ನು ನೀನು ಊರಿಗೆ ಬಂದ ಹಾಗೇ," ಅಂದಳು ತವಮಣಿ.

ಹೇರತ್ ಅತ್ತ ಇತ್ತ ನೋಡಿ ದನಿ ತಗ್ಗಿಸಿದ. "ಅಮ್ಮಾ, ಒಂದು ಹಿಡಿ ಉಪ್ಪು ಹಾಕಿಬಿಡು. ಆಮೇಲೆ ಇವನು ಬರೀ ಊಟ, ನಾನು ಹೋಗುತ್ತಾನೆ. ಇಲ್ಲ ಅಂದರೆ ಪಾತ್ರೆ ಜೀಪಿಗೆ. ನೀನೂ ಜೀಪಿಗೆ."

"ಹಾಕ್ಬೇಡಿ ಚಿಕ್ಕಮ್ಮಾ!" ಅಂದಿತು ಮರ.

ತವಮಣಿ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದಳು. "ಅವತ್ತು ಕಣ್ಣೆದುರಿಗೇ ಕಡಲು, ಆದ್ರೂ ಒಂದು ಚಿಟಿಕೆ ಉಪ್ಪು ಇರ್ಲಿಲ್ಲ ತಂಬಿ. ನನ್ನ ಮಗಳು ಕಯಲ್‌ಗೆ ಆರು ವರ್ಷ. 'ಸಪ್ಪೆ ಅಮ್ಮಾ, ಉಪ್ಪು ಹಾಕು' ಅಂತ ಒಂದೇ ಹಟ. 'ಇವತ್ತು ಕುಡಿ, ನಾಳೆ ಹಾಕ್ತೀನಿ' ಅಂದೆ. ಅವಳಿಗೆ ನಾಳೆ ಬರ್ಲಿಲ್ಲ." ಹೊಗೆ ಅವಳ ಕಡೆಗೇ ತಿರುಗಿತ್ತು, ಅವಳು ಕದಲಲಿಲ್ಲ. "ಅವಳು ಕೇಳಿದಾಗ ಹಾಕ್ಲಿಲ್ಲ. ಈಗ ನೀವು ಕೇಳಿದ್ರೆ ಹಾಕ್ಲಾ?"

ಹೇರತ್ ರಸ್ತೆ ದಾಟಿ ಗೂಡಂಗಡಿಗೆ ಹೋದ. ಒಂದು ಉಪ್ಪಿನ ಪೊಟ್ಟಣ ತಂದ. ಅದನ್ನು ಬಿಚ್ಚಲಿಲ್ಲ, ಒಲೆಯ ಪಕ್ಕದ ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದ. ಪಾತ್ರೆ, ಪೊಟ್ಟಣ ಎರಡೂ ಬರುವ ಹಾಗೆ ಫೋಟೋ ತೆಗೆಯಲು ಕಾನ್‌ಸ್ಟೇಬಲ್‌ಗೆ ಹೇಳಿದ. "ಉಪ್ಪು ಇದ್ದಾನೆ!" ಅಂತ ಇಡೀ ರಸ್ತೆಗೆ ಕೇಳುವಂತೆ ಸಾರಿದ. "ದೀಪ ಇಲ್ಲ, ಬಾವುಟ ಇಲ್ಲ, ಭಾಷಣ ಇಲ್ಲ. ಪಾತ್ರೆ ಖಾಲಿ ಆದ, ಎಲ್ಲರೂ ಮನೆಗೆ!" ಎಂದು ಗದರಿಸಿ ಜೀಪು ಹತ್ತಿದ. ಮುಖಗಳಿಗಾಗಿ ಕಾನ್‌ಸ್ಟೇಬಲ್ ಮಾತ್ರ ಅಲ್ಲೇ ಉಳಿದ.

ಸಾಲು ಮತ್ತೆ ಸರಿಯಿತು. ಒಬ್ಬೊಬ್ಬರೂ ಮೊದಲು ಕಾನ್‌ಸ್ಟೇಬಲ್‌ನ ಫೋನಿಗೆ ಮುಖ ಕೊಟ್ಟು, ಆಮೇಲೆ ತವಮಣಿಗೆ ಕರಟ ಒಡ್ಡಿದರು. ಉಪ್ಪಿನ ಪೊಟ್ಟಣವನ್ನು ಯಾರೂ ಮುಟ್ಟಲಿಲ್ಲ.

ಮರದ ದನಿ ಈಗ ಇಳಿದಿತ್ತು. "ಅಷ್ಟೇನಾ ಚಿಕ್ಕಮ್ಮಾ? ಒದೀಲೇ ಇಲ್ವಾ?"

"ಇಲ್ಲಪ್ಪಾ. ನಿನ್ನ ಅದೃಷ್ಟಾನೇ ಸರಿ ಇಲ್ಲ. ಅದು ಬಿಡು, ಅಲ್ಲಿ ಗಂಜಿ ಮಾಡಿದ್ರಾ? ಉಪ್ಪಿಲ್ದೇ ತಾನೇ?"

"ಉಪ್ಪಿಲ್ದೇನೇ ಮಾಡಿದ್ವಿ. ಮಕ್ಕಳು ಕುಡೀಲಿಲ್ಲ ಚಿಕ್ಕಮ್ಮಾ. ಎಲ್ಲರಿಗಿಂತ ಮೊದ್ಲು ನನ್ನ ಮಗಳೇ ಉಪ್ಪು ಬೇಕು ಅಂತ ಕೂತ್ಲು. ಬೈದೆ. ಎಲ್ಲರ ಎದುರಿಗೂ ಅತ್ಲು. ಕೊನೆಗೆ..."

"ಹಾಕಿದ್ಯಾ?"

"ಹಾಕ್ಬಿಟ್ಟೆ. ತಪ್ಪಾಯ್ತು."

ತವಮಣಿ ಕಲ್ಲಿನ ಮೇಲೆ ನಿಂತಿದ್ದ ಪೊಟ್ಟಣದ ಕಡೆ ನೋಡಿದಳು.

"ತಪ್ಪೇನು ಬಂತೋ ಹುಚ್ಚಪ್ಪಾ," ಅಂದಳು. "ಮಗು ಕೇಳಿದ ದಿನವೇ ಹಾಕಿಬಿಡ್ಬೇಕು."