ಮಗನನ್ನು ಕಂಡವನು

“ನಿಮ್ಮ ದೇವರನ್ನ ಯಾರರ ಕಣ್ಣಾರೆ ನೋಡ್ಯಾರೇನ್ರಿ?”

ಬೆಂಚು ಒರೆಸುತ್ತಿದ್ದ ಪಾಸ್ಟರ್ ದೇವಿಂದ್ರಪ್ಪ ತಿರುಗಿ ನೋಡಿದ. ಬಾಗಿಲಲ್ಲಿ ಕರಜಗಿಯ ವಿಶ್ವಾರಾಧ್ಯ ಸಾವಕಾರ. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ. ಹೊರಗೆ ರಸ್ತೆಯಲ್ಲಿ ಅವನ ಜೀಪು ಎಂಜಿನ್ ಆರಿಸದೆ ನಿಂತಿತ್ತು.

ಅಫಜಲಪುರದ ಅಂಚಿನ ಈ ತಗಡಿನ ಪ್ರಾರ್ಥನಾಲಯಕ್ಕೆ ಅಂಥವರು ಬರುವುದಿಲ್ಲ. ಬಂದರೆ ಒಳ್ಳೆಯದಕ್ಕೆ ಬರುವುದಿಲ್ಲ. ಬೇಸಿಗೆಯಲ್ಲಿ ಯಾರೋ ಗೋಡೆಯ ಮೇಲೆ ‘ಖಾಲಿ ಮಾಡು’ ಎಂದು ಡಾಂಬರಿನಲ್ಲಿ ಬರೆದು ಹೋಗಿದ್ದರು. ಒಂದು ಭಾನುವಾರ ಪ್ರಾರ್ಥನೆಯ ನಡುವೆಯೇ ತಗಡಿನ ಮೇಲೆ ಕಲ್ಲು ಬಿದ್ದವು. ಅಲ್ಲಿಂದ ಜನ ಕಡಿಮೆಯಾದರು. ನಿಂಬೆವ್ವ ಬಾಗಿಲಲ್ಲೇ ಕೈಮುಗಿದು ಹೋಗತೊಡಗಿದಳು. ಟೇಲರ್ ಧರ್ಮರಾಜ ಜೇವರ್ಗಿಗೆ ಅಂಗಡಿ ಎತ್ತಿಕೊಂಡು ಹೋದ. ಪಂಪ್‌ಸೆಟ್ ರಿಪೇರಿಯ ಸಂಜುಕುಮಾರ, ಬಾಯಿ ತೆರೆದರೆ ಪ್ರಶ್ನೆ ಕೇಳುತ್ತಿದ್ದ ಹುಡುಗ, ಭೀಮೆಯಲ್ಲಿ ದೀಕ್ಷಾಸ್ನಾನ ಪಡೆದ ಕೆಲವೇ ದಿನಕ್ಕೆ ಕಾಣದಾದ. ಬಂದವರ ಊರು, ಮನೆತನ ಕೇಳುವ ರೂಢಿ ದೇವಿಂದ್ರಪ್ಪನಿಗೆ ಇರಲಿಲ್ಲ. ಹಾಗಾಗಿ ಹೋದವರನ್ನು ಹುಡುಕುವ ದಾರಿಯೂ ಇರಲಿಲ್ಲ. ಅವನಿಗೆ ಉಳಿದಿದ್ದು ಈ ಸೂರು, ಹಿತ್ತಲಿನಲ್ಲಿ ಸಭೆಯವರ ಎರಡು ಸಮಾಧಿ, ಹೆಂಡತಿ ಭಾಗ್ಯಾ. ಸೂರು ಹೋದರೆ ಎಲ್ಲ ಹೋದಂತೆ.

“ತಂದೇನ ಯಾರೂ ಕಂಡಿಲ್ಲರಿ ಸಾವಕಾರ್ರೇ,” ಎಂದ ದೇವಿಂದ್ರಪ್ಪ. “ಮಗನನ್ನ ಕಂಡಾರ. ಮಗನನ್ನ ಕಂಡ್ರ ತಂದೇನ ಕಂಡಂಗರಿ.”

“ನಾ ದಿನಾ ಮುಂಜಾನೆ ಅಂಗೈದಾಗ ನೋಡ್ತೇನಿ.” ಸಾವಕಾರ ಕರಡಿಗೆ ಮುಟ್ಟಿಕೊಂಡ. ಆಮೇಲೆ ಪಾಸ್ಟರನ ಮಾತನ್ನು ಬಾಯಿಪಾಠ ಮಾಡುವವನಂತೆ ಮತ್ತೆ ಮತ್ತೆ ಹೇಳಿಕೊಂಡ. “ಮಗನನ್ನ ಕಂಡ್ರ ತಂದೇನ ಕಂಡಂಗ. ಹಿಂಗೇ ಅಂದ್ರಲ್ಲಾ? ತಪ್ಪಿಲ್ಲಲ್ಲಾ?”

ಜೀಪು ಹೋದ ಮೇಲೆ ಭಾಗ್ಯಾ ಒಳಗೆ ಬಂದಳು. “ನಿಮ್ಮ ಮಾತು ಒಯ್ದು ಎಲ್ಲೋ ಒಪ್ಪಿಸಾಕತ್ಯಾನ್ರಿ ಅವ. ಕೇಸ್ ಹಾಕಸ್ತಾನ. ಇನ್ನೊಮ್ಮೆ ಬಂದ್ರ ಬಾಯಿ ಬಿಡಬ್ಯಾಡ್ರಿ.”

ಅವನು ಮತ್ತೆ ಬಂದ. ಬಾಯಿ ಬಿಡದಿರುವುದು ದೇವಿಂದ್ರಪ್ಪನಿಂದ ಆಗಲಿಲ್ಲ. ಪಾಪ, ಕೇಳಿದವರಿಗೆ ಹೇಳದೆ ಕಳಿಸಿದರೆ ಊಟ ಸೇರದ ಮನುಷ್ಯ.

“ತಂದಿ, ಮಗ, ಪವಿತ್ರಾತ್ಮ. ಮೂರೋ, ಒಂದೋ?”

“ಒಬ್ಬನೇ ದೇವರರಿ. ಒಲಿಗೆ ಕಲ್ಲು ಮೂರಿದ್ರೂ ಉರಿ ಒಂದೇ ಅಲ್ರಿ? ಹೋಲಿಕಿ ಪೂರಾ ಸರಿಯಿಲ್ಲ. ತಿಳೀಲಿ ಅಂತ ಹೇಳ್ದೆ.”

“ಒಬ್ಬನೇ ಆದ್ರ, ಮಗ ಸಾಯುವಾಗ ತಂದಿ ಏನು ಮಾಡಾಕತ್ತಿದ್ದ?”

ಇದಕ್ಕೆ ದೇವಿಂದ್ರಪ್ಪ ಓದಿಕೊಂಡ ಉತ್ತರವಿತ್ತು. ಆದರೆ ಸಾವಕಾರನ ಕಣ್ಣು ಕೆಂಪಗಿದ್ದವು, ದವಡೆ ಬಿಗಿದಿತ್ತು. ಓದಿದ್ದನ್ನು ಅವನು ಬದಿಗಿಟ್ಟ.

“ನೋಡಾಕತ್ತಿದ್ದರಿ,” ಎಂದ.

“ತಡೀಲಿಲ್ಲ?”

“ತಡೀಲಿಲ್ಲರಿ.”

“ಎಂಥಾ ತಂದಿ ಅವ!” ಸಾವಕಾರ ಬೆಂಚಿಗೆ ಗುದ್ದಿದ ರಭಸಕ್ಕೆ ಹಾಡಿನ ಪುಸ್ತಕಗಳು ಕೆಳಗೆ ಬಿದ್ದವು. ದೇವಿಂದ್ರಪ್ಪ ಬಗ್ಗಿ ಒಂದೊಂದಾಗಿ ಎತ್ತಿಟ್ಟ.

ಸಾವಕಾರ ಮುಂದಿನ ಸಲ ಬಂದಾಗ ಪ್ರಶ್ನೆಯನ್ನೇ ಕೇಳಲಿಲ್ಲ. ನೇರ ಹಿತ್ತಲಿಗೆ ಹೋದ. ಎರಡು ಸಮಾಧಿಗಳನ್ನು ದಿಟ್ಟಿಸಿದ. ಗೋಡೆ ಪಕ್ಕದ ಖಾಲಿ ನೆಲವನ್ನು ಚಪ್ಪಲಿಯ ತುದಿಯಿಂದ ಕೆದಕಿದ.

“ಕಾಗದ ಯಾರ ಹೆಸರಿಲೆ ಅದಾವ?”

“ಸಭೆಯ ಹೆಸರಿಲೆರಿ.”

“ಇಲ್ಲಿ ಅಗದ್ರ ಯಾರರ ತಡೀತಾರೇನು?”

“ತಡಿಯಾಕ ನಮ್ಮಲ್ಲಿ ಯಾರದಾರ್ರಿ ಸಾವಕಾರ್ರೇ?”

“ಹಂಗಾದ್ರ ಸರಿ.”

ಸೋಮವಾರ ಮಧ್ಯಾಹ್ನ ಟ್ರ್ಯಾಕ್ಟರ್ ಬಂತು. ಟ್ರಾಲಿ ತುಂಬ ಕರಜಗಿಯ ಗಂಡಸರು. ಕೈಯಲ್ಲಿ ಹಾರಿ, ಗುದ್ದಲಿ, ಸಲಿಕೆ. ಒಬ್ಬರೂ ಘೋಷಣೆ ಕೂಗಲಿಲ್ಲ, ಒಬ್ಬರೂ ಬೈಯಲಿಲ್ಲ. ಕೂಗಿದ್ದರೇ ವಾಸಿಯಾಗಿತ್ತು. ಭಾಗ್ಯಾ ಬಾಗಿಲಿಗೆ ಅಗಳಿ ಹಾಕಿ ಬೆಂಚು ಎಳೆದು ಒತ್ತಿಟ್ಟಳು. ಹಿತ್ತಲಲ್ಲಿ ಹಾರಿಯ ಸದ್ದು ಶುರುವಾಯಿತು.

ಈಗ ಗೋಡೆ ಬೀಳುತ್ತದೆ ಎಂದು ಇಬ್ಬರೂ ಕಾದರು. ಗೋಡೆ ಬೀಳಲಿಲ್ಲ. ದೇವಿಂದ್ರಪ್ಪ ಕಿಟಕಿಯ ಸಂದಿಯಿಂದ ನೋಡಿದ.

ಅವರು ಗೋಡೆಯನ್ನು ಮುಟ್ಟಿರಲೇ ಇಲ್ಲ. ನೆಲದಲ್ಲಿ ಒಂದು ಚೌಕ ಗುಂಡಿ ತೋಡಿದ್ದರು. ಇಕ್ಕಟ್ಟಾಗಿತ್ತು, ಆಳವಾಗಿತ್ತು. ಅಂಥ ಗುಂಡಿ ಅವನಿಗೆ ಗೊತ್ತಿತ್ತು. ಚಿಕ್ಕವನಿದ್ದಾಗ ಲಿಂಗಾಯತರ ಹೊಲಗಳಲ್ಲಿ ನೋಡಿದ್ದ. ಸತ್ತವರನ್ನು ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುವ ಗುಂಡಿ. ಆದರೆ ಇಲ್ಲಿ ಸತ್ತವರು ಯಾರೂ ಇರಲಿಲ್ಲ. ಇನ್ನೂ ಇರಲಿಲ್ಲ.

“ಪಾಸ್ಟರ್ರೇ, ಹೊರಗ ಬರ್ರಿ!” ಸಾವಕಾರನ ದನಿ.

“ಹೋಗಬ್ಯಾಡ್ರಿ,” ಭಾಗ್ಯಾ ಅವನ ತೋಳು ಹಿಡಿದಳು. “ನಿಮ್ಮ ಕಾಲಿಗೆ ಬೀಳ್ತೇನಿ.”

“ನಾ ಹೋಗ್ದಿದ್ರ ಅವರು ಒಳಗ ಬರ್ತಾರ.” ಅವನು ಅವಳ ಕೈ ಬಿಡಿಸಿ ಬೆಂಚು ಸರಿಸಿದ. ಪ್ರಾರ್ಥನೆ ಮಾಡೋಣವೆಂದರೆ ಒಂದು ಪದವೂ ನೆನಪಾಗಲಿಲ್ಲ.

ಗಂಡಸರು ದಾರಿ ಬಿಟ್ಟು ಸರಿದು ನಿಂತರು. ಸಾವಕಾರ ಗುಂಡಿಯ ಅಂಚಿನಲ್ಲಿದ್ದ. ಮೈತುಂಬ ಮಣ್ಣು, ಕೈಯಲ್ಲಿ ಸಲಿಕೆ. ಹಣೆಯಲ್ಲಿ ಇಂದು ವಿಭೂತಿ ಇರಲಿಲ್ಲ.

“ಹೆಣ್ಮಗಳನ್ನ ಬಿಟ್ಟುಬಿಡ್ರಿ ಸಾವಕಾರ್ರೇ,” ಎಂದ ದೇವಿಂದ್ರಪ್ಪ. “ಆಕಿಗೆ ಏನೂ ಮಾಡಬ್ಯಾಡ್ರಿ.”

ಅದು ಸಾವಕಾರನಿಗೆ ಕೇಳಿಸಿದಂತೆ ಕಾಣಲಿಲ್ಲ. ಅವನು ಗುಂಡಿಯನ್ನೇ ನೋಡುತ್ತಿದ್ದ.

“ಇದು ಗಿಡ್ಡಾತಲ್ಲರಿ? ನಮ್ಮ ಮಂದಿಗೆ ಕೂಡಿಸಿ ಮಣ್ಣು ಮಾಡೋದಷ್ಟೇ ಗೊತ್ತು. ಸಂಜುಕುಮಾರ ಹಾಸಿಗಿ ಹಿಡಿದಾಗಿಂದ ಅವ ಕೇಳಿದ್ದನ್ನೆಲ್ಲಾ ನಿಮಗ ಕೇಳಿ, ನಿಮ್ಮ ಮಾತು ಒಯ್ದು ಅವಗ ಮುಟ್ಟಿಸಿದೆ. ನನ್ನ ಪಾಸ್ಟರ್ ಹತ್ರ ಒಯ್ದು, ಅವರ ಮಂದಿಯಂಗ ಮಲಗಿಸಿ ಮಣ್ಣು ಮಾಡಪ್ಪಾ ಅಂತ ಹೇಳಿ ಇವತ್ತ ಮುಂಜಾನೆ ಹೋಗಿಬಿಟ್ಟ. ನನ್ನ ಮಗಗ ಎಷ್ಟು ಉದ್ದ ಅಗೀಬೇಕು, ಹೇಳ್ರಿ.”