ನಾಲಿಗೆಯ ಕೆಳಗಿನ ಹನಿ

ವರ್ಷದ ಕೊನೆಯ ದಿನ ಎಂದಿನಂತೆ ನಮ್ಮ ಓಣಿಯ ನೀಲವ್ವ ಮನೆಮನೆಗೆ ಹೋಗಿ ಎಲ್ಲರ ಬಾಯಿಗೆ ಸರ್ಕಾರದ ಹನಿ ಹಾಕುತ್ತ ನಮ್ಮ ಮನೆಗೂ ಬಂದಳು. ಹನಿ ನುಂಗಿದವರಿಗೆ ಆ ವರ್ಷದ ಒಳ್ಳೆಯ ಸುದ್ದಿ ಮಾತ್ರ ನೆನಪಿರುತ್ತದೆ. ಈ ಸಲ ಉಳಿಯುವುದು ಚುನಾವಣೆಯ ಗೆಲುವು, ನಮ್ಮ ಸಿನಿಮಾಕ್ಕೆ ಬಂದ ಪ್ರಶಸ್ತಿ, ಕಬಡ್ಡಿಯ ವಿಶ್ವಕಪ್. ಆ ವಿಶ್ವಕಪ್ ಗೆದ್ದ ಸಮಾರಂಭಕ್ಕೆಂದು ಮಂತ್ರಿಗಳು ಅವಸರದಲ್ಲಿ ಕಟ್ಟಿಸಿದ ಗ್ಯಾಲರಿ ಕುಸಿದದ್ದು ಉಳಿಯುವುದಿಲ್ಲ. ಅದರಡಿ ಸತ್ತ ನನ್ನ ತಮ್ಮ ಶಿವಪುತ್ರನೂ ಉಳಿಯುವುದಿಲ್ಲ.

ಹನಿಯನ್ನು ನಾಲಿಗೆಯ ಕೆಳಗೆ ಹಿಡಿದಿಟ್ಟು, ಅವಳು ಹೋದ ಮೇಲೆ ಉಗುಳುವುದನ್ನು ನೀರಿನಲ್ಲಿ ಅಭ್ಯಾಸ ಮಾಡಿದ್ದೆ. ಅವ್ವನಿಗೂ ಕಲಿಸಿದ್ದೆ. ಆದರೆ ತೀರ್ಥ ತೆಗೆದುಕೊಂಡು ರೂಢಿಯಾದ ಅವ್ವ ಹನಿ ಬಿದ್ದೊಡನೆ ಕಣ್ಣು ಮುಚ್ಚಿ, ಕೈ ಮುಗಿದು ನುಂಗಿಬಿಟ್ಟಳು.

"ನೀವೂ ಬಾಯಿ ತಗೀರಿ ಅಕ್ಕಾರ. ಮನಸು ಹಗುರ ಆಗ್ತೈತಿ," ಎಂದಳು ನೀಲವ್ವ.

ಹನಿ ಬಿತ್ತು. ತುಟಿ ಬಿಗಿದೆ.

ಅವ್ವ ಗೋಡೆಯ ಫೋಟೊ ನೋಡುತ್ತಿದ್ದಳು. "ಯಾರವಾ ಈ ಹುಡುಗ? ಹಾರ ಯಾಕ ಹಾಕೀರಿ?"

ನಾನು ನೀಲವ್ವನತ್ತ ನೋಡಿದೆ. ಶಿವಪುತ್ರನ ಹೆಣದ ಮುಂದೆ ಎದೆ ಬಡಿದುಕೊಂಡು ಅತ್ತವಳು ಅವಳು.

"ನನಗೂ ಗುರ್ತಿಲ್ಲರೀ ಯವ್ವಾ," ಎಂದು ಅವಳು ನಕ್ಕಳು. "ನಾ ಮುಂಜಾನೆನ ಹನಿ ತಗೊಂಡೀನಿ."

ಉಗುಳಿದವರನ್ನು ಹಿಡಿದು ಒಯ್ಯುತ್ತಾರೆಂದು ನನಗೆ ಗೊತ್ತಿತ್ತು. ಆದರೂ ಅವಳ ಹನಿಯ ಪೆಟ್ಟಿಗೆಯ ಮೇಲೆಯೇ ಉಗುಳಿದೆ.

"ನಿನ್ನ ಮಗ, ಅವ್ವಾ! ಶಿವಪುತ್ರ! ಗ್ಯಾಲರಿ ಬಿದ್ದು ಸತ್ತ!" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದೆ.